ನೆಟ್ಟಗೆ ನಿಂತವನ ಸೊಂಟ

ಮಾರ್ಚ್ 3, ಸೋಮವಾರ

ಕಟಿಂಗ್ ಟೇಬಲ್ಲಿನಿಂದ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ಉರುಳಿ ಕೆಳಗೆ ಬಿತ್ತು. ಹೆಕ್ಕಿಕೊಳ್ಳಲು ಬಗ್ಗಿದೆ. ಅಷ್ಟೇ ಆದದ್ದು. ಸೊಂಟದ ಒಳಗೆ ಯಾರೋ ಒಂದೇ ಎಳೆತಕ್ಕೆ ಹೊಲಿಗೆ ಬಿಚ್ಚಿದ ಹಾಗಾಯಿತು. ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದೆ. ಕಣ್ಣೆದುರಿಗೆ ಬಟ್ಟೆಯ ಚೂರುಗಳು, ದಾರದ ಎಳೆಗಳು, ತಮ್ಮನ ಮಿಷನ್ನಿನ ಪೆಡಲು, ಕಾಜಾ ಅಕ್ಕನ ಚಪ್ಪಲಿ. ನಮ್ಮ ಅಂಗಡಿಯ ನೆಲ ಇಷ್ಟು ಕೊಳಕು ಎಂದು ಇವತ್ತೇ ಗೊತ್ತಾಗಿದ್ದು.

ತಮ್ಮ ಓಡಿಬಂದು ಕಂಕುಳಿಗೆ ಕೈಕೊಟ್ಟು ಎತ್ತಿದ. ಕಾಜಾ ಹಾಕುತ್ತಾ, ಗುಂಡಿ ಹೊಲಿಯುತ್ತಾ ಮೂಲೆಯಲ್ಲಿ ಕೂತಿದ್ದ ಅಕ್ಕ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಕೇಳಿದಳು: "ಏನ್ ಎತ್ತಿದ್ರಿ ಮಾಸ್ಟ್ರೇ?"

"ಥಾನು," ಎಂದೆ. "ಆ ಕೆಂಪು ಬಟ್ಟೆ ಥಾನು. ಇಡೀದು."

ಸುಳ್ಳು. ಅಗ್ನಿಶಾಮಕ ದಳದ ಬ್ಯಾಂಡಿನವರ ಕೋಟಿಗೆಂದು ಬಂದ ಆ ಬಟ್ಟೆ ಸುರುಳಿಯ ಥಾನನ್ನು ಮೊನ್ನೆ ಎತ್ತಿಟ್ಟವನು ತಮ್ಮ. ಅವನು ನನ್ನ ಮುಖ ನೋಡಿ ಮಿಷನ್ನಿಗೆ ಹೋಗಿ ಕೂತ. ಸುಣ್ಣದ ಬಿಲ್ಲೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು ಎಂದು ಯಾವ ಬಾಯಲ್ಲಿ ಹೇಳಲಿ? ಊರಿನ ಅರ್ಧ ಗಂಡಸರನ್ನು "ಬೆನ್ನು ನೆಟ್ಟಗೆ, ಹೊಟ್ಟೆ ಬಿಡಿ" ಎಂದು ಗದರಿಸಿ ಅಳತೆ ತೆಗೆದವನು ನಾನು. ಅಂಗಡಿಯ ಕನ್ನಡಿಯಲ್ಲಿ ನನ್ನಷ್ಟು ನೆಟ್ಟಗೆ ನಿಲ್ಲುವವನು ಬೇರೆ ಇಲ್ಲ ಎಂಬ ಜಂಬ ಬೇರೆ.

ಮಾರ್ಚ್ 4, ಮಂಗಳವಾರ

ಮಲಗಿದ್ದೇನೆ. ನನ್ನಾಕೆ ಬೆನ್ನ ಕೆಳಗೆ ಬಿಸಿನೀರಿನ ಚೀಲ ಇಟ್ಟು, "ಎದ್ದರೆ ನೋಡಿ ಮತ್ತೆ" ಎಂದು ಹೆದರಿಸಿ ಹೋಗಿದ್ದಾಳೆ. ನಿನ್ನೆಯಿಂದ ಸೂರು ನೋಡಿ ನೋಡಿ ಬೇಜಾರಾಗಿ ಇದನ್ನು ಬರೆಯಲು ಹಿಡಿದಿದ್ದೇನೆ. ಅಳತೆ ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಸೊಂಟನೋವು ಎಂದರೆ ಸಾಕು, ಜಗತ್ತೆಲ್ಲ ವೈದ್ಯರೇ. ಮೇಲಿನ ಮನೆಯ ನಿವೃತ್ತ ಕಂಡಕ್ಟರು ಬಂದು ಬಾಗಿಲಿನ ಚೌಕಟ್ಟಿಗೆ ಜೋತುಬೀಳಲು ಹೇಳಿದರು. ನಾದಿನಿ ಫೋನಿನಲ್ಲಿ ಹಲಗೆಯ ಮೇಲೆ ಮಲಗಿಸು ಎಂದಳಂತೆ. ಬೆಳಿಗ್ಗೆ ಬಂದ ಹಾಲಿನವನಂತೂ ತನ್ನ ಅಂಗಿ ಎತ್ತಿ ಸೊಂಟಕ್ಕೆ ಕಟ್ಟಿದ ಬೆಲ್ಟು ತೋರಿಸಿದ. ಅದರ ಹೊಲಿಗೆ ಎರಡು ಕಡೆ ಬಿಟ್ಟಿತ್ತು. ಇದ್ದ ನೋವಿಗಿಂತ ಅದನ್ನು ನೋಡಿದ್ದೇ ಹೆಚ್ಚು ಹಿಂಸೆಯಾಯಿತು.

ಎಲ್ಲರಿಗೂ ಥಾನಿನ ಕಥೆಯನ್ನೇ ಹೇಳಿದೆ. ಹೇಳಿದ ಹಾಗೆಲ್ಲ ಥಾನು ಭಾರವಾಗುತ್ತಾ ಹೋಯಿತು. ಸಂಜೆಯ ಹೊತ್ತಿಗೆ ಅದನ್ನು ಮೆಟ್ಟಿಲು ಹತ್ತಿಸಿಯೂ ಆಗಿತ್ತು.

ಮಾರ್ಚ್ 6, ಗುರುವಾರ

ಡಾಕ್ಟರ ಬಳಿ ಹೋಗಿಬಂದೆವು. ಈ ಡಾಕ್ಟರಮ್ಮ ಚಿಕ್ಕವಳಿದ್ದಾಗ ಅವಳ ಶಾಲೆಯ ಸಮವಸ್ತ್ರ ಹೊಲಿದವನು ನಾನೇ. ಮುಂದಿನ ಹಲ್ಲು ಬಿದ್ದ ಹುಡುಗಿ, ಟೇಪು ತಾಗಿದರೆ ಸಾಕು ಕಿಲಕಿಲ ನಗುತ್ತಿದ್ದಳು. ಈಗ ಅವಳು ಹೇಳಿದ ಹಾಗೆ ಅಂಗಿ ಬಿಚ್ಚಿ ಮಂಚದ ಮೇಲೆ ಬೋರಲು ಮಲಗಬೇಕು. ಹಣೆಬರಹ.

ಕಾಲನ್ನು ಮಂಡಿ ಮಡಿಸದೆ ಮೇಲೆತ್ತಿದಳು. ಎಡಗಾಲು ಅರ್ಧಕ್ಕೆ ಬರುವಷ್ಟರಲ್ಲಿ ಪೃಷ್ಠದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿಯಿತು. ಮಂಡಿಗೆ, ಹಿಮ್ಮಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಳು. ತುದಿಗಾಲಲ್ಲಿ ನಡೆಸಿದಳು, ಹಿಮ್ಮಡಿಯಲ್ಲಿ ನಡೆಸಿದಳು.

"ಎಕ್ಸ್‌ರೇ ಬೇಡ್ವಾ?" ಎಂದೆ. ಕೈಯಲ್ಲಿ ಒಂದು ಚಿತ್ರ ಇಲ್ಲದೆ ಮನೆಗೆ ಹೋದರೆ ಕಂಡಕ್ಟರು ನಂಬಬೇಕಲ್ಲ.

"ಎಕ್ಸ್‌ರೇಲಿ ಮೂಳೆ ಕಾಣತ್ತೆ ಮಾಸ್ಟ್ರೇ, ಮೂಳೆ ಮಧ್ಯದ ಮೆತ್ತೆ ಕಾಣಲ್ಲ. ನಿಮ್ಮದು ಮೆತ್ತೆ ಜರುಗಿ ನರಕ್ಕೆ ಒತ್ತಿರೋ ಹಾಗಿದೆ. ಬಹಳ ಜನಕ್ಕೆ ಒಂದೆರಡು ತಿಂಗಳಲ್ಲಿ ತಾನಾಗೇ ಇಳಿಯತ್ತೆ. ಮಲಗೇ ಇರಬೇಡಿ, ಆದಷ್ಟು ಓಡಾಡ್ತಾ ಇರಿ."

ಕೋಟಿನ ಭುಜದ ಪ್ಯಾಡು ಅಸ್ತರಿನ ಒಳಗೆ ಜಾರಿ ಬೇರೆ ಕಡೆ ಉಬ್ಬುತ್ತದಲ್ಲ, ಹಾಗೆ ಎಂದು ಅರ್ಥ ಮಾಡಿಕೊಂಡೆ. ಥಾನಿನ ಕಥೆ ಹೇಳಿದೆ. ಅವಳು ಅಷ್ಟೇನೂ ಬೆರಗಾಗಲಿಲ್ಲ. "ಥಾನೋ, ಪೆನ್ನೋ, ಕೊನೇಲಿ ಏನು ಎತ್ತಿದ್ರಿ ಅನ್ನೋದು ಮುಖ್ಯ ಅಲ್ಲ. ಇಷ್ಟು ವರ್ಷ ಟೇಬಲ್ ಮೇಲೆ ಬಗ್ಗಿದ್ದೀರಲ್ಲ, ಮೆತ್ತೆ ಸವೆದಿರತ್ತೆ. ಕೆಲವರಿಗೆ ಸೀನಿದ್ರೂ ಜರಗತ್ತೆ." ಇದನ್ನು ಮೊದಲೇ ಹೇಳಿದ್ದರೆ ನಾನು ಅಷ್ಟು ಭಾರ ಹೊರುತ್ತಲೇ ಇರಲಿಲ್ಲ.

ಆಮೇಲೆ ಒಂದಿಷ್ಟು ಪ್ರಶ್ನೆ. ಜ್ವರ ಇದೆಯಾ, ತೂಕ ಇಳಿದಿದೆಯಾ. ಕೊನೆಗೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ: "ಮೂತ್ರ ಹೋಗೋಕೆ ಕಷ್ಟ, ಇಲ್ಲಾ ಗೊತ್ತಾಗದೆ ಹೋಗೋದು? ಮಲ? ಕುರ್ಚಿಗೆ ತಾಗೋ ಜಾಗ ಮರಗಟ್ಟಿದ ಹಾಗೆ?"

ಪಕ್ಕದ ಸ್ಟೂಲಿನಲ್ಲಿ ನನ್ನಾಕೆ. ಎದುರಿಗೆ ಹಲ್ಲು ಬಿದ್ದಿದ್ದ ಹುಡುಗಿ. "ಛೆ, ಛೆ, ಅದೆಲ್ಲ ಏನಿಲ್ಲ," ಎಂದೆ. ನಿಜಕ್ಕೂ ಇಲ್ಲ. ಆದರೂ ಕಿವಿ ಬಿಸಿಯಾಯಿತು.

"ಹಾಗೇನಾದ್ರೂ ಆದ್ರೆ ಅವತ್ತೇ ಬನ್ನಿ. ನಾಳೆ ನೋಡೋಣ ಅನ್ನಬೇಡಿ," ಎಂದಳು. ನನ್ನಾಕೆ ತಲೆಯಾಡಿಸಿದಳು. ನಾನು ಅಂಗಿಯ ಗುಂಡಿ ಹಾಕುವುದರಲ್ಲಿ ಮಗ್ನನಾದೆ.

ಮಾರ್ಚ್ 10, ಸೋಮವಾರ

ಅಂಗಡಿಗೆ ಹೋದೆ. ಪ್ಯಾಂಟಿನ ಎಡಗಾಲಿನ ಅಂಚು ನೆಲಕ್ಕೆ ಉಜ್ಜುತ್ತಿತ್ತು. ನಾನೇ ಹೊಲಿದ ಪ್ಯಾಂಟು, ತಪ್ಪಿರಲು ಸಾಧ್ಯವೇ ಇಲ್ಲ. ಒಗೆತಕ್ಕೆ ಬಟ್ಟೆ ಎಳೆದಿರಬೇಕು ಎಂದುಕೊಂಡು ತಮ್ಮನನ್ನು ಕರೆದು ಟೇಪು ಹಿಡಿಯಲು ಹೇಳಿದೆ.

ನಮ್ಮಲ್ಲಿ ಒಂದು ಪದ್ಧತಿ. ಗಿರಾಕಿಯ ಮೈಯಲ್ಲಿರುವ ಊನವನ್ನು ಅವನೆದುರು ಬಾಯಿಬಿಟ್ಟು ಹೇಳುವುದಿಲ್ಲ. ಹೊಟ್ಟೆ ದೊಡ್ಡದಿದ್ದರೆ "ಕೊಡ" ಎನ್ನುತ್ತೇವೆ, ಬೆನ್ನು ಗೂನಾಗಿದ್ದರೆ "ಬೆಟ್ಟ". ಒಂದು ಭುಜವೋ ಸೊಂಟವೋ ತಗ್ಗಿದ್ದರೆ "ತಕ್ಕಡಿ". ಅಳೆಯುವವನು ಹೇಳುತ್ತಾನೆ, ಕತ್ತರಿಸುವವನು ಅದಕ್ಕೆ ತಕ್ಕಂತೆ ಬಟ್ಟೆ ಬಿಡುತ್ತಾನೆ, ಗಿರಾಕಿ ಕನ್ನಡಿ ನೋಡಿ ತಾನು ಸರಿಯಾಗಿಯೇ ಇದ್ದೇನೆಂದು ಹಿಗ್ಗಿ ಹೋಗುತ್ತಾನೆ. ಅಪ್ಪನ ಕಾಲದಿಂದ ಬಂದ ಮರ್ಯಾದೆ ಇದು.

ತಮ್ಮ ನನ್ನ ಸೊಂಟದ ಎರಡು ಕಡೆ ಟೇಪು ಹಿಡಿದ. ಅಭ್ಯಾಸಬಲ. "ತಕ್ಕಡಿ," ಎಂದುಬಿಟ್ಟ.

ಕಾಜಾ ಅಕ್ಕನ ಸೂಜಿ ನಿಂತಿತು. ತಮ್ಮನ ಮುಖ ಕೆಂಪಾಯಿತು. "ಅಲ್ಲ ಅಣ್ಣ, ನೀನು ನಿಂತಿರೋದು..." ಎಂದು ತಡವರಿಸಿದ. ಕನ್ನಡಿಯಲ್ಲಿ ನೋಡಿಕೊಂಡೆ. ಎಡಕ್ಕೆ ವಾಲಿದ್ದೆ, ಗಾಳಿಗೆ ಓರೆಯಾದ ಬೇಲಿಗೂಟದಂತೆ. ನೆಟ್ಟಗಾಗಲು ನೋಡಿದರೆ ನೋವು ಬಿಡಲಿಲ್ಲ.

"ಅರ್ಧ ಇಂಚು ಮಡಿಚು," ಎಂದೆ. ಎಡಗಾಲಿನ ಅಂಚು ಮಡಿಚಿ ಹೊಲಿದ. ಈಗ ಸರಿಯಾಗಿ ಕೂತಿದೆ. ಸಂಜೆ ಉಳಿದ ಪ್ಯಾಂಟುಗಳನ್ನೂ ತರಿಸಿ ಹಾಗೇ ಮಾಡಿಸಿದೆ.

ಮಾರ್ಚ್ 13, ಗುರುವಾರ

ನೋವು ಈಗ ಬಲಗಾಲಿಗೂ ಇಳಿದಿದೆ. ಎಡಗಾಲಿಗೆ ಜೊತೆ ಸಿಕ್ಕಿತು.

ಬ್ಯಾಂಡಿನ ದೊಡ್ಡ ನಗಾರಿಯವನು ಟ್ರಯಲ್ಲಿಗೆ ಬಂದಿದ್ದ. ಕೊಡವೆಂದರೆ ಕೊಡ. ಟೇಪು ಹಿಡಿದರೆ ಉಸಿರೆಳೆದು ಹೊಟ್ಟೆ ಒಳಗೆ ಮಾಡಿಕೊಳ್ಳುತ್ತಾನೆ. ಅಂಥವರಿಗೆ ನನ್ನದೊಂದು ಉಪಾಯ: ಏನಾದರೂ ಕೇಳಿ ಮಾತಿಗೆಳೆಯುವುದು, ಮಾತಾಡುತ್ತಾ ಉಸಿರು ಬಿಟ್ಟಾಗ ಅಳತೆ ಹಿಡಿಯುವುದು. ಇವತ್ತು ಅವನೇ ನನ್ನನ್ನು ಮಾತಿಗೆಳೆದ. "ಮಾಸ್ಟ್ರೇ, ಮೊಣಕಾಲೂರಿ ಅಂಚು ಗುರುತು ಹಾಕಲ್ವಾ ಈ ಸಲ?" ಬಗ್ಗಲು ಹೋದೆ, ಆಗಲಿಲ್ಲ. ತಮ್ಮ ಬಂದು ಅವನ ಕಾಲ ಬಳಿ ಕೂತ. ನಾನು ಮೇಲೆ ನಿಂತು ಸುಮ್ಮನೆ "ಇನ್ನೊಂಚೂರು ಎಡಕ್ಕೆ" ಎಂದು ಅಪ್ಪಣೆ ಕೊಡುತ್ತಿದ್ದೆ, ಜಮೀನ್ದಾರನ ಹಾಗೆ. ಒಳಗೆ ಜೀವ ಹಿಡಿಯಷ್ಟಾಗಿತ್ತು.

ಮಾರ್ಚ್ 15, ಶನಿವಾರ

ಬರೆಯುವುದಿಲ್ಲ.

ಮಾರ್ಚ್ 16, ಭಾನುವಾರ

ನಿನ್ನೆ ಅಂಗಡಿಯಿಂದ ಬರುವಾಗ ಔಷಧಿ ಅಂಗಡಿಯ ಎದುರು ಅದು ಆಯಿತು. ನನಗೆ ಗೊತ್ತೇ ಆಗಲಿಲ್ಲ. ಕಾಲಿಗೆ ತಣ್ಣಗಾದ ಮೇಲೆ ಕೆಳಗೆ ನೋಡಿದೆ. ಕಡುಬಣ್ಣದ ಪ್ಯಾಂಟು, ಕಂಡಿರಲಿಕ್ಕಿಲ್ಲ. ಕೈಯಲ್ಲಿದ್ದ ಬಟ್ಟೆಯ ಚೀಲ ಮುಂದೆ ಹಿಡಿದುಕೊಂಡು ಗೋಡೆ ಪಕ್ಕದಲ್ಲೇ ನಡೆದು ಮನೆ ಸೇರಿದೆ. ದಾರಿಯಲ್ಲಿ ಕಂಡಕ್ಟರು ಸಿಕ್ಕಿ, "ಏನ್ ಮಾಸ್ಟ್ರೇ, ಬಿರುಸಾಗಿ ಹೊರಟಿದ್ದೀರಿ, ಸೊಂಟ ವಾಸಿಯಾಯ್ತಾ?" ಎಂದರು. "ಹ್ಞೂಂ, ಪರವಾಗಿಲ್ಲ," ಎಂದೆ. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಇವಳು ಅಡುಗೆಮನೆಯಲ್ಲಿದ್ದಳು. ನೇರ ಬಚ್ಚಲಿಗೆ ಹೋಗಿ ನಾನೇ ಒಗೆದು ಹಾಕಿದೆ. ಮದುವೆಯಾದಂದಿನಿಂದ ನಾನು ಒಗೆದ ಮೊದಲ ಬಟ್ಟೆ ಅದು.

ಡಾಕ್ಟರಮ್ಮ ಕೇಳಿದ್ದು ಇದನ್ನೇ ಎಂದು ನೆನಪಾಯಿತು. ಆದರೆ ಅವಳು ಹೇಳಿದ್ದು ರೋಗಿಗಳಿಗೆ. ನನ್ನದು ವಯಸ್ಸಿಗೆ ಒಂದು ಸಲ ಆದದ್ದು. ನಿನ್ನೆ ಮೂರು ಲೋಟ ಚಹಾ ಕುಡಿದಿದ್ದೆ.

ಮಾರ್ಚ್ 17, ಸೋಮವಾರ

ಒಂದು ಸಲ ಅಲ್ಲ.

ತಮ್ಮ ಊಟಕ್ಕೆ ಹೋದಾಗ, ಅಕ್ಕ ಗುಂಡಿ ತರಲು ಹೋದಾಗ, ಹಳೆಯ ಫ್ಲಾನೆಲ್ ತುಂಡು ಹುಡುಕಿ ಒಂದು ಮೆತ್ತೆ ಹೊಲಿದುಕೊಂಡೆ. ನಾಲ್ಕು ಪದರ, ನಡುವೆ ಮಳೆಕೋಟಿನ ಬಟ್ಟೆ, ಅಂಚಿಗೆ ಪಟ್ಟಿ. ನಾನು ಜೀವನದಲ್ಲಿ ಹೊಲಿದ ಅತ್ಯಂತ ಅಚ್ಚುಕಟ್ಟಾದ ವಸ್ತು ಅದೇ ಇರಬೇಕು. ಹೊರಗೆ ಗೆರೆ ಕೂಡ ಕಾಣುವುದಿಲ್ಲ. ಇನ್ನೂ ಮೂರು ಹೊಲಿದೆ. ಕೈ ಓಡುತ್ತಿತ್ತು, ಮುಖ ಬೆಂಕಿಯಾಗಿತ್ತು. ಮಿಷನ್ನಿನ ಸದ್ದಿಗೆ ಯಾರಾದರೂ ಬಂದುಬಿಟ್ಟಾರು ಎಂದು ಕಳ್ಳನ ಹಾಗೆ ಬಾಗಿಲ ಕಡೆಯೇ ಕಣ್ಣು.

ಸಂತೋಷದ ಸಂಗತಿಯೂ ಒಂದಿದೆ. ನೋವು ಕಡಿಮೆಯಾಗುತ್ತಿದೆ! ಇವತ್ತು ಮೆಟ್ಟಿಲು ಇಳಿಯುವಾಗ ಹಲ್ಲು ಕಚ್ಚಬೇಕಾಗಲಿಲ್ಲ. ಕೂತರೆ ಮೆತ್ತನೆ ದಿಂಬಿನ ಮೇಲೆ ಕೂತ ಹಾಗಿದೆ, ಏನೂ ಅನ್ನಿಸುವುದೇ ಇಲ್ಲ. ನನ್ನಾಕೆಗೆ ಹೇಳಿದೆ. "ನಿಜ್ವಾಗ್ಲೂ?" ಎಂದು ನನ್ನ ಮುಖವನ್ನೇ ನೋಡಿದಳು. ಸಂತೋಷಪಡುವುದು ಬಿಟ್ಟು ಅದೇನು ನೋಟವೋ.

ಮಾರ್ಚ್ 18, ಮಂಗಳವಾರ

ಡಾಕ್ಟರಮ್ಮ ಬರಹೇಳಿದ ದಿನ. ನೋವು ಇಳಿದಿದೆ ಎಂದು ಹೆಮ್ಮೆಯಿಂದ ಹೇಳಿದೆ. ಅವಳು ನಗಲಿಲ್ಲ. ಹಿಮ್ಮಡಿಗೆ ಸುತ್ತಿಗೆಯಿಂದ ತಟ್ಟಿದಳು, ಮತ್ತೆ ತಟ್ಟಿದಳು. ಹಿಮ್ಮಡಿಯ ಮೇಲೆ ನಡೆಯಲು ಹೇಳಿದಾಗ ಎಡಪಾದ ಮೇಲೇಳಲಿಲ್ಲ.

"ಕಾಲಿನ ನರ ಮಂಕಾಗಿದೆ ಮಾಸ್ಟ್ರೇ. ಸ್ಕ್ಯಾನ್ ಮಾಡ್ಸೋಣ. ಅದಕ್ಕೆ ಮೊದ್ಲು ಇನ್ನೊಂದು ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೂತ್ರದ ತೊಂದರೆ ಏನಾದ್ರೂ ಇದ್ರೆ ಈಗ್ಲೇ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಇಲ್ಲ ಅಂದ್ರೆ ಮುಂದಿನ ವಾರ ಸ್ಕ್ಯಾನಿಗೆ ಸರದಿ ಸಿಗತ್ತೆ. ಇದೆಯಾ?"

ಆ ಕ್ಷಣ ನಾನು ಒಳಗೆ ಆ ಮೆತ್ತೆ ಕಟ್ಟಿಕೊಂಡೇ ಕೂತಿದ್ದೆ. ಬಾಯಿ ತೆರೆದೆ. ನನ್ನಾಕೆ ಚೀಲದ ಹಿಡಿಕೆ ತಿರುಚುತ್ತಿದ್ದಳು. ಹೊರಗಿನ ಬೆಂಚಿನಲ್ಲಿ ಕಾಯುವವರು ಅಡ್ಡ ಪರದೆಯ ಆಚೆಯೇ ಇದ್ದರು. ಅವರಲ್ಲಿ ಇಬ್ಬರ ಪ್ಯಾಂಟು ನಾನು ಹೊಲಿದದ್ದು.

"ಇಲ್ಲ," ಎಂದೆ.

"ಒಂದ್ಸಲ ಪರೀಕ್ಷೆ ಮಾಡ್ಬಿಡ್ಲಾ? ಆ ಜಾಗ ಮುಟ್ಟಿದ್ರೆ ಗೊತ್ತಾಗತ್ತಾ ಅಂತ."

"ಬೇಡ ಬೇಡ. ಏನೂ ಆಗಿಲ್ಲ ಅಂದ್ನಲ್ಲ." ಧ್ವನಿ ಏರಿತು. ಅವಳು ಸ್ಕ್ಯಾನಿಗೆ ಚೀಟಿ ಬರೆದಳು. ಆ ಮಗುವಿನ ಮೇಲೆ ರೇಗಿದೆನಲ್ಲ ಎಂದು ಇಡೀ ದಾರಿ ನಾಚಿಕೆ. ನಾಚಿಕೆಗೂ ನನಗೂ ಈಚೆಗೆ ಒಳ್ಳೆಯ ಸ್ನೇಹ.

ಒಣಗಲು ಅಂಗಿಯ ಹಿಂದೆ ಹಾಕಿದ್ದ ಮೆತ್ತೆಗಳು ಸಂಜೆ ಹೊತ್ತಿಗೆ ಬೀರುವಿನಲ್ಲಿ ಮಡಿಕೆಯಾಗಿ ಕೂತಿದ್ದವು. ನಾನೇ ಮಡಿಸಿ ಮರೆತಿರಬೇಕು. ತಲೆಯೂ ಮಂಕಾಗಿದೆ.

ಮಾರ್ಚ್ 20, ಗುರುವಾರ

ಇವತ್ತು ಅಂಗಡಿಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಬ್ಯಾಂಡಿನವರ ಕೋಟುಗಳು ಮುಗಿದು, ಅವರ ಮುಖ್ಯಸ್ಥ ಇನ್ನಿಬ್ಬರ ಜೊತೆ ಒಯ್ಯಲು ಬಂದಿದ್ದ. ಬೆಳಗಿನಿಂದ ಸ್ಟೂಲಿನ ಮೇಲೆ ಕೂತು ಕಾಲರಿಗೆ ಕೊನೆಯ ಕೈ ಹಾಕುತ್ತಿದ್ದವನು ಕೋಟು ತೋರಿಸಲು ಎದ್ದೆ. ನಗಾರಿಯವನು, "ಮಾಸ್ಟ್ರೇ, ನಿಮ್ಮ ಹಿಂದುಗಡೆ!" ಎಂದು ಕೂಗಿದ.

ನಾನು ಕೂತಿದ್ದು ಗುಂಡುಸೂಜಿಗಳ ಮೇಲೆ. ಒಂದಲ್ಲ, ಮೂರೋ ನಾಲ್ಕೋ. ಪ್ಯಾಂಟಿನ ಹಿಂದೆ ಚುಚ್ಚಿಕೊಂಡು ನಿಂತಿದ್ದವು. ಒಂದು ಬಾಗಿಯೇ ಹೋಗಿತ್ತು. ಬೆಳಗಿನಿಂದ ಹಾಗೆಯೇ ಕೂತಿದ್ದೆ.

"ದರ್ಜಿ ಚರ್ಮ ಅಂದ್ರೆ ಹಿಂಗಿರ್ಬೇಕು ನೋಡಿ," ಎಂದು ಮುಖ್ಯಸ್ಥ ಚಪ್ಪಾಳೆ ತಟ್ಟಿದ. ತಮ್ಮನೂ ಬಿದ್ದು ಬಿದ್ದು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. "ಬೆಂಕಿ ಆರಿಸೋರಿಗೆ ಕೋಟು ಹೊಲೀಬೇಕಲ್ಲ, ಅಷ್ಟು ಗಟ್ಟಿ ಇರ್ಬೇಡ್ವಾ," ಎಂದೆ. ಮತ್ತೂ ನಕ್ಕರು.

ಕಾಜಾ ಅಕ್ಕ ನಗಲಿಲ್ಲ. ಒಂದೊಂದೇ ಸೂಜಿ ಕಿತ್ತು ಅಂಗೈಯಲ್ಲಿಟ್ಟುಕೊಂಡು, "ಒಂದೂ ಚುಚ್ಚಲಿಲ್ವಾ ಮಾಸ್ಟ್ರೇ?" ಎಂದು ಮೆಲ್ಲಗೆ ಕೇಳಿದಳು. ಸೂಜಿಯ ತುದಿಯಲ್ಲಿ ರಕ್ತವಿತ್ತು.

ಮಾರ್ಚ್ 21, ಶುಕ್ರವಾರ

ನೋವು ಪೂರ್ತಿ ನಿಂತಿದೆ. ಬಚ್ಚಲಿನಲ್ಲಿ ಮಾತ್ರ ಬಹಳ ಹೊತ್ತು ನಿಲ್ಲಬೇಕು. ಹೊಟ್ಟೆ ಒತ್ತಿದರೆ ತುಸು ಬರುತ್ತದೆ. ಎಡಪಾದ ನೆಲಕ್ಕೆ ಪಟ್ ಎಂದು ಬಡಿಯುತ್ತದೆ, ಚಪ್ಪಲಿ ಸಡಿಲವಾಗಿರಬೇಕು.

ಬೆಳಿಗ್ಗೆಯೇ ಕಾಜಾ ಅಕ್ಕ ಮನೆಗೆ ಬಂದು ಇವಳ ಜೊತೆ ಅಡುಗೆಮನೆಯಲ್ಲಿ ಗುಸುಗುಸು. ಈಗ ಇವಳು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಡಾಕ್ಟರ ಹತ್ತಿರ ಹೋಗಬೇಕಂತೆ, ಈಗಲೇ ಅಂತೆ. ನೋವೇ ಇಲ್ಲದವನಿಗೆ ಡಾಕ್ಟರು ಯಾಕೆ? ಸುಮ್ಮನೆ ರಂಪ.

ಮಾರ್ಚ್ 25, ಮಂಗಳವಾರ

ಆಸ್ಪತ್ರೆಯ ಮಂಚದಿಂದ ಬರೆಯುತ್ತಿದ್ದೇನೆ. ಬೆನ್ನಿಗೆ ಪಟ್ಟಿ, ಮುಂದೆ ಒಂದು ಕೊಳವೆ, ಮಂಚದ ಪಕ್ಕಕ್ಕೆ ತೂಗುಹಾಕಿದ ಚೀಲ. ಬಂದುಹೋಗುವವರೆಲ್ಲ ಆ ಚೀಲವನ್ನು ನೋಡಿ ಆಮೇಲೆ ನನ್ನ ಮುಖ ನೋಡುತ್ತಾರೆ.

ಶುಕ್ರವಾರದ್ದು ಬರೆದು ಮುಗಿಸುತ್ತೇನೆ. ಡಾಕ್ಟರಮ್ಮ ನನ್ನ ನಡಿಗೆ ನೋಡಿದವಳೇ ಪರದೆ ಎಳೆದಳು. "ಮಾಸ್ಟ್ರೇ, ಮೂತ್ರದ ತೊಂದರೆ ಇದೆಯಾ?"

"ಇಲ್ಲ."

"ಇದೆ," ಎಂದಳು ನನ್ನಾಕೆ.

ಗೋಡೆಯ ಕಡೆ ನೋಡುತ್ತಾ ಹೇಳಿದಳು. "ಹೋದ ಶನಿವಾರದಿಂದ ಇದೆ ಡಾಕ್ಟ್ರೇ. ದಿನಾ ಇದೆ. ಬಟ್ಟೆ ಒಗೆಯೋಳು ನಾನು."

ಮೆತ್ತೆಗಳು ಬೀರುವಿಗೆ ಹೇಗೆ ಸೇರುತ್ತಿದ್ದವು ಎಂದು ಆಗ ಗೊತ್ತಾಯಿತು. ನಾನು ಅರೆಬರೆ ಹಿಂಡಿ ಬಚ್ಚಿಡುತ್ತಿದ್ದುದನ್ನು ಅವಳು ತೆಗೆದು ಮತ್ತೆ ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಇಡುತ್ತಿದ್ದಳು. ಅವಳ ಮೇಲೆ ಸಿಟ್ಟೂ ಬಂತು, ಅವಳ ಕಾಲು ಹಿಡಿಯಬೇಕೆಂದೂ ಅನ್ನಿಸಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿದಳು. ಹತ್ತಿಯ ಎಳೆ ಮುಟ್ಟಿಸಿದಳಂತೆ, ಚುಚ್ಚಿದಳಂತೆ. ನನಗೆ ಏನೂ ತಿಳಿಯಲಿಲ್ಲ. "ಯಾವಾಗ ಮುಟ್ತೀಯಮ್ಮ?" ಎಂದು ಕೇಳಿದೆ. ಆಗಲೇ ಕೈಗವಸು ಬಿಚ್ಚುತ್ತಿದ್ದಳು. ನೋವು ಹೋದದ್ದು ಗುಣವಾಗಿ ಅಲ್ಲ, ನರ ಸೋತು ಎಂದು ಹೇಳಿದಳು. ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅದೇ ದಿನ ದೊಡ್ಡಾಸ್ಪತ್ರೆ, ಅದೇ ದಿನ ಸ್ಕ್ಯಾನು, ಅದೇ ದಿನ ಶಸ್ತ್ರಚಿಕಿತ್ಸೆ. ಸ್ಕ್ಯಾನಿನ ಚಿತ್ರ ತೋರಿಸಿದರು. ಮೆತ್ತೆಯ ಒಂದು ದೊಡ್ಡ ತುಂಡು ಹಿಂದಕ್ಕೆ ನುಗ್ಗಿ, ಕೆಳಗೆ ಹೋಗುವ ನರಗಳ ಕಟ್ಟನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಕಾಲಿಗೆ ಹೋಗುವವು, ಮೂತ್ರಕ್ಕೆ ಹೋಗುವವು ಎಲ್ಲ ಅಲ್ಲೇ. ಆ ತುಂಡನ್ನು ತೆಗೆದಿದ್ದಾರೆ. ಪಾದಕ್ಕೆ ಬಲ ಬರುತ್ತದಂತೆ. ಮೂತ್ರದ್ದು ಹೇಳಲಾಗದು. "ಶುರುವಾದ ದಿನಾನೇ ಬಂದಿದ್ರೆ ಚೆನ್ನಾಗಿತ್ತು," ಎಂದರು ಇಲ್ಲಿನ ಡಾಕ್ಟರು. ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ? ಹಲ್ಲು ಬಿದ್ದ ಹುಡುಗಿಯೆದುರು ನಾಚಿಕೆಯಾಯಿತು ಎಂದೇ?

ಮಾರ್ಚ್ 27, ಗುರುವಾರ

ಇವಳು ಮಧ್ಯಾಹ್ನ ಊಟದ ಡಬ್ಬಿ ತಂದಳು. ನಾನು ಉಣ್ಣುವಾಗ ಇದ್ದಕ್ಕಿದ್ದಂತೆ ಅತ್ತಳು.

"ಮೊದಲನೇ ದಿನವೇ ನಾನು ಹೇಳಬೇಕಿತ್ತು ರೀ. ಆ ಡಾಕ್ಟ್ರು ಕೇಳ್ದಾಗ ಪಕ್ಕದಲ್ಲೇ ಕೂತಿದ್ದೆ. ನೀವು ಇಲ್ಲ ಅಂದ್ರಿ. ನಾನೂ ಸುಮ್ನಾದೆ."

"ಯಾಕೆ?"

"ನಿಮ್ಮ ಮರ್ಯಾದೆ ಅಂತ. ನೀವು ಅಷ್ಟು ಚೆಂದ ಹೊಲ್ಕೊಂಡು ಮುಚ್ಚಿಟ್ಟಿದ್ರಿ. ನಂಗೆ ಗೊತ್ತು ಅಂತ ನಿಮಗೆ ಗೊತ್ತಾದ್ರೆ ನೀವು ತಲೆ ಎತ್ತಲ್ಲ ಅನ್ನಿಸ್ತು."

ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಬಟ್ಟೆಯನ್ನು ಒಬ್ಬರಿಗೊಬ್ಬರು ಕಾಣದಂತೆ ಒಗೆಯುತ್ತಿದ್ದೆವು. ಆ ದಿನಗಳಲ್ಲಿ ಒಳಗೆ ನರ ಸಾಯುತ್ತಿತ್ತು. ಅವಳದ್ದೇನೂ ತಪ್ಪಿಲ್ಲ ಎಂದು ಹೇಳಬೇಕೆನಿಸಿತು. ತಟ್ಟೆಯಲ್ಲಿದ್ದ ಮೊಟ್ಟೆಯಲ್ಲಿ ಅರ್ಧ ಅವಳಿಗೆ ಕೊಟ್ಟೆ. ತಿಂದಳು.

ಸುಣ್ಣದ ಬಿಲ್ಲೆಯ ವಿಷಯವನ್ನೂ ಹೇಳಿಬಿಟ್ಟೆ. "ಥಾನು ಅಲ್ಲ ಕಣೇ. ಚೂರು ಸುಣ್ಣ." ಅಳುತ್ತಲೇ ನಕ್ಕಳು. "ಅದು ಊರಿಗೆಲ್ಲ ಗೊತ್ತು. ನಿಮ್ಮ ತಮ್ಮ ಅವತ್ತೇ ಹೇಳಿದ್ದ."

ಮಾರ್ಚ್ 30, ಭಾನುವಾರ

ಬೆಳಿಗ್ಗೆ ನರ್ಸಮ್ಮ ಕೊಳವೆ ತೆಗೆದಳು. ಚೆನ್ನಾಗಿ ನೀರು ಕುಡಿಯಿರಿ, ಆಮೇಲೆ ಬಚ್ಚಲಿಗೆ ಹೋಗಿ ಪ್ರಯತ್ನಿಸಿ, ಏನಾಯಿತೆಂದು ಹೇಳಿ ಎಂದಳು. ಬರದಿದ್ದರೆ ಮತ್ತೆ ಕೊಳವೆ. ಅದೂ ಆಗದಿದ್ದರೆ ದಿನವೂ ನಾನೇ ಕೊಳವೆ ಹಾಕಿಕೊಳ್ಳುವುದನ್ನು ಕಲಿಯಬೇಕಂತೆ, ಬಹುಶಃ ಜೀವಮಾನವಿಡೀ.

ಗೋಡೆ ಹಿಡಿದು ಹೋದೆ. ಪಾದ ಈಗ ಅಷ್ಟು ಬಡಿಯುವುದಿಲ್ಲ. ವಾರ್ಡಿನ ಒಳಗೇ ಬಚ್ಚಲು. ಬಾಗಿಲಿನಿಂದ ಎರಡು ಮಾರು ದೂರಕ್ಕೆ ಮೊದಲ ಮಂಚ. ಆರು ಜನ ಗಂಡಸರು, ಅವರ ಮನೆಯವರು, ಭಾನುವಾರವಾದ್ದರಿಂದ ನೋಡಲು ಬಂದವರು. ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳುತ್ತಾ ನಿಂತೆ. ಹೊಟ್ಟೆ ಒತ್ತಿದೆ. ಕಣ್ಣು ಮುಚ್ಚಿದೆ. ನನ್ನ ಮೈಯ ಆ ಭಾಗ ಬೇರೆ ಯಾರದೋ ಹಾಗಿತ್ತು, ಕರೆದರೆ ಓಗೊಡುತ್ತಿರಲಿಲ್ಲ.

"ರೀ," ಎಂದು ಹೊರಗಿನಿಂದ ಇವಳು ಕರೆದಳು. ಇವಳ ದನಿ ಯಾವತ್ತೂ ಸಣ್ಣದಲ್ಲ. "ಬಂತಾ?"

ವಾರ್ಡಿನ ಮಾತುಕತೆಯೆಲ್ಲ ಒಮ್ಮೆಗೇ ನಿಂತಿತು. ಯಾರದೋ ಚಮಚ ತಟ್ಟೆಯಲ್ಲಿ ನಿಂತದ್ದೂ ಕೇಳಿಸಿತು. ಹ್ಞೂಂ, ಎಲ್ಲ ಸರಿಯಾಗಿದೆ, ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಮುಖ ಕಿವಿಯವರೆಗೆ ಉರಿಯಿತು. ಕನ್ನಡಿ ಇರಲಿಲ್ಲ, ಪುಣ್ಯ.

"ಇಲ್ಲ ಕಣೇ," ಎಂದೆ. ನೀರಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ನಲ್ಲಿ ನಿಲ್ಲಿಸಿ ಗಟ್ಟಿಯಾಗಿ ಹೇಳಿದೆ. "ಬರ್ತಿಲ್ಲ. ಉಚ್ಚೆ ಬರ್ತಿಲ್ಲ. ತುಂಬಿದೆಯೋ ಖಾಲಿಯೋ ಅದೂ ನಂಗೆ ಗೊತ್ತಾಗ್ತಿಲ್ಲ."

ಯಾರೂ ನಗಲಿಲ್ಲ. ಕಿಟಕಿ ಪಕ್ಕದ ಮಂಚದವನು, "ನಂಗೂ ಮೊದ್ಲು ಬರ್ಲಿಲ್ಲ ಮಾಸ್ಟ್ರೇ, ಗಾಬರಿ ಬೀಳ್ಬೇಡಿ," ಎಂದು ಕೂಗಿದ. ಯಾರೋ ನರ್ಸಮ್ಮನನ್ನು ಕರೆದರು.

ಬಾಗಿಲ ಮೇಲೆ ಇವಳ ಕೈ ಬಡಿಯಿತು. "ಸರಿ. ಒಬ್ಬರೇ ಯಾಕೆ ನಿಂತಿದೀರಿ ಅಲ್ಲಿ? ತೆಗೀರಿ."

ಚಿಲಕ ತೆಗೆದೆ.